ಲೆಸೊಥೊ ನೀರು ಮಾರುತ್ತದೆ, ಆದರೂ ಅಲ್ಲಿನ ಹಳ್ಳಿಗಳಲ್ಲಿ ನೀರಿಗೆ ತತ್ವಾರ ಯಾಕೆ?

ಪ್ರಶ್ನೆ: ಲೆಸೊಥೊ ಸುತ್ತಲೂ ಇರುವುದು ದಕ್ಷಿಣ ಆಫ್ರಿಕಾ ಒಂದೇ. ಆರೆಂಜ್ ನದಿ ಲೆಸೊಥೊ ಬೆಟ್ಟಗಳಲ್ಲಿ ಹುಟ್ಟಿ ಪಶ್ಚಿಮಕ್ಕೆ, ಅಟ್ಲಾಂಟಿಕ್ ಕಡೆಗೆ ಹೋಗುತ್ತದೆ. ನೀರು ಕೊಳ್ಳುವ ಜೋಹಾನ್ಸ್‌ಬರ್ಗ್ ಇರುವುದು ಉತ್ತರಕ್ಕೆ. ಅಷ್ಟೂ ನೀರನ್ನು ಪಂಪ್ ಮಾಡುತ್ತಾರಾ? ಇಷ್ಟೊಂದು ನೀರಿದ್ದೂ ಅಲ್ಲಿನ ಹಳ್ಳಿಯವರು ಒರತೆ ಹುಡುಕಿಕೊಂಡು ಹೋಗುವುದು ಯಾಕೆ?

ಉತ್ತರ 1: ಲೆಸೊಥೊ ಬೆಟ್ಟಗಳಲ್ಲಿರುವ ಕಾಟ್ಸೆ ಅಣೆಕಟ್ಟಿನಿಂದ ಗಡಿ ದಾಟುವವರೆಗೆ ಪಂಪ್ ಬೇಕಿಲ್ಲ, ಎತ್ತರವೇ ಆ ಕೆಲಸ ಮಾಡುತ್ತದೆ. ದೇಶದ ಅತಿ ತಗ್ಗಿನ ಜಾಗವೇ ಸಮುದ್ರಮಟ್ಟದಿಂದ ಸುಮಾರು 1,400 ಮೀಟರ್ ಮೇಲಿದೆ. ಕಾಟ್ಸೆ ಜಲಾಶಯ ತುಂಬಿದಾಗ ನೀರಿನ ಮಟ್ಟ 2,053 ಮೀಟರ್. ಅಲ್ಲಿಂದ ಬೆಟ್ಟದೊಳಗೆ 45 ಕಿ.ಮೀ. ಸುರಂಗ. ಅದು ಮುಗಿಯುವ ಮುಯೇಲಾದಲ್ಲಿ ನೆಲದಡಿಯ ವಿದ್ಯುದಾಗಾರ, ಆಮೇಲೆ ಮತ್ತೆ ಸುಮಾರು 37 ಕಿ.ಮೀ. ಸುರಂಗ. ಗಡಿಯಾಚೆ ದಕ್ಷಿಣ ಆಫ್ರಿಕಾದ ಕ್ಲಾರೆನ್ಸ್ ಊರಿನ ಹತ್ತಿರ ನೀರು ಆ್ಯಶ್ ನದಿಗೆ ಬಿದ್ದು, ಅಲ್ಲಿಂದ ನದಿಗಳ ಮೂಲಕವೇ ವಾಲ್ ಅಣೆಕಟ್ಟು ಸೇರುತ್ತದೆ. ಜೋಹಾನ್ಸ್‌ಬರ್ಗ್ ವಾಲ್‌ಗಿಂತ ಎತ್ತರದಲ್ಲಿರುವುದರಿಂದ ಕೊನೆಯ ಹಂತದಲ್ಲಿ ಮಾತ್ರ ನೀರೆತ್ತಬೇಕು.

ಎರಡು ದೇಶಗಳ ನಡುವೆ ಈ ನೀರಿನ ಒಪ್ಪಂದವಾದದ್ದು 1986ರಲ್ಲಿ. ಕಾಟ್ಸೆ 185 ಮೀಟರ್ ಎತ್ತರದ ಕಮಾನು ಅಣೆಕಟ್ಟು, ಸಂಗ್ರಹ 195 ಕೋಟಿ ಘನ ಮೀಟರ್, ಅಂದರೆ ಹತ್ತಿರಹತ್ತಿರ 69 ಟಿಎಂಸಿ (ನಮ್ಮ ಕೆಆರ್‌ಎಸ್ 49 ಚಿಲ್ಲರೆ). ವರ್ಷಕ್ಕೆ ಹೋಗುವುದು ಸುಮಾರು 78 ಕೋಟಿ ಘನ ಮೀಟರ್, 27 ಟಿಎಂಸಿ ಚಿಲ್ಲರೆ. ನೀರು ಸಾಗಿಸುವ ಭಾಗದ ಖರ್ಚು ದಕ್ಷಿಣ ಆಫ್ರಿಕಾದ್ದು, ವಿದ್ಯುತ್ ಭಾಗದ ಖರ್ಚು ಲೆಸೊಥೊದ್ದು. ಇದೇ ನೀರನ್ನು ಗಡಿಯಾಚೆ ಆರೆಂಜ್ ನದಿಯಿಂದ ಪಂಪ್ ಮಾಡಿದ್ದರೆ ಆಗುತ್ತಿದ್ದ ಖರ್ಚಿನಲ್ಲಿ ಉಳಿದದ್ದೆಷ್ಟು ಎಂದು ಲೆಕ್ಕ ಹಾಕಿ, ಅದರ ಶೇ 56 ಪಾಲನ್ನು ಲೆಸೊಥೊಗೆ ರಾಯಲ್ಟಿಯಾಗಿ ಕೊಡುತ್ತಾರೆ.

ಒಂದು ಎಡವಟ್ಟೂ ಇದೆ. ಆ್ಯಶ್ ಸಣ್ಣ ನದಿ. ವರ್ಷವಿಡೀ ಇಷ್ಟು ನೀರು ಬಿಟ್ಟಾಗ ಪಾತ್ರ ಕೊರೆದು ದಂಡೆ ಕುಸಿಯತೊಡಗಿತು. ರಭಸ ತಗ್ಗಿಸಲು ಅಡ್ಡಗಟ್ಟೆ ಕಟ್ಟಬೇಕಾಯಿತು.

ಉತ್ತರ 2: ಹಳ್ಳಿಗಳ ವಿಷಯಕ್ಕೆ ಬಂದರೆ, ಅಣೆಕಟ್ಟಿನ ನೀರು ಕಣಿವೆಯ ತಳದಲ್ಲಿ, ಊರುಗಳು ಮೇಲಿನ ಇಳಿಜಾರಿನಲ್ಲಿ. ಅಲ್ಲಿಗೆ ನೀರು ಎತ್ತಲು ಪಂಪು, ಕರೆಂಟು, ಪೈಪು ಮೂರೂ ಬೇಕು. ಮನೆಗಳೋ ಚದುರಿಕೊಂಡಿವೆ. ಸುಮಾರು 20 ಲಕ್ಷ ಜನರಲ್ಲಿ ಹೆಚ್ಚಿನವರು ಇರುವುದು ಪಶ್ಚಿಮದ ತಗ್ಗು ಪ್ರದೇಶದಲ್ಲಿ. ಜಲಾಶಯಗಳು ಬೆಟ್ಟದ ಆಚೆಗಿವೆ. ಹಾಗಾಗಿ ರಾಜಧಾನಿ ಮಸೇರುವಿಗಾಗಿ ಮೆಟೊಲಾಂಗ್ ಅಣೆಕಟ್ಟನ್ನು ಬೇರೆಯೇ ಕಟ್ಟಬೇಕಾಯಿತು. ಮುಳುಗಡೆಯಲ್ಲಿ ಹೊಲ, ಹುಲ್ಲುಗಾವಲು ಕಳೆದುಕೊಂಡವರಿಗೆ ಊರ ನಲ್ಲಿಯಲ್ಲಿ ನೀರು ಬರದಿರುವುದು ದೊಡ್ಡ ಅನ್ಯಾಯ. ರಾಯಲ್ಟಿ ಹಣದಲ್ಲಿ ಮೊದಲ ಪಾಲು ಅವರಿಗೇ ಸಲ್ಲಬೇಕಿತ್ತು.

ಮರುಪ್ರಶ್ನೆ: ವಿದ್ಯುತ್ತಾದರೂ ಸಾಕಷ್ಟು ಸಿಗುತ್ತದಾ?

ಉತ್ತರ 1: ಇಲ್ಲ. ಮುಯೇಲಾದಲ್ಲಿ 24 ಮೆಗಾವಾಟ್‌ನ ಮೂರು ಟರ್ಬೈನ್, ಒಟ್ಟು 72. ಚಳಿಗಾಲದ ಬೇಡಿಕೆ ಇದರ ಎರಡು ಪಟ್ಟು ದಾಟುತ್ತದೆ, ಉಳಿದದ್ದು ದಕ್ಷಿಣ ಆಫ್ರಿಕಾ, ಮೊಜಾಂಬಿಕ್‌ಗಳಿಂದ ಬರಬೇಕು. ನೀರು ಮತ್ತು ವಿದ್ಯುತ್ ಎರಡಕ್ಕೂ ಇರುವುದು ಒಂದೇ ಸುರಂಗ. 2024ರ ಅಕ್ಟೋಬರ್‌ನಲ್ಲಿ ದುರಸ್ತಿಗೆಂದು ತಿಂಗಳುಗಟ್ಟಲೆ ಸುರಂಗ ಮುಚ್ಚಿದಾಗ ಟರ್ಬೈನ್‌ಗಳೂ ನಿಂತವು.

ಉತ್ತರ 3: ಎಲ್ಲರೂ ಅಣೆಕಟ್ಟಿನ ಬಗ್ಗೆಯೇ ಮಾತಾಡುತ್ತಾರೆ, ನೀರು ಹುಟ್ಟುವ ಜಾಗವನ್ನೂ ನೋಡಬೇಕು. ಮಲೋಟಿ ಬೆಟ್ಟಗಳ ನೆತ್ತಿಯಲ್ಲಿ ಕಪ್ಪು ಪೀಟ್ ಮಣ್ಣಿನ (ಅರೆಕೊಳೆತ ಸಸ್ಯಗಳಿಂದಾದ ಮಣ್ಣು) ಜೌಗುಗಳಿವೆ. ಬೇಸಿಗೆಯ ಮಳೆ, ಚಳಿಗಾಲದ ಹಿಮ ಎರಡನ್ನೂ ಹಿಡಿದಿಟ್ಟು ಒಣ ತಿಂಗಳುಗಳಲ್ಲಿ ನಿಧಾನವಾಗಿ ಬಿಡುವುದು ಇವೇ. ಉಣ್ಣೆಯ ಮೆರಿನೊ ಕುರಿ, ಮೊಹೇರ್ ಎಂಬ ನುಣುಪು ಕೂದಲಿನ ಅಂಗೋರಾ ಮೇಕೆ, ದನಗಳು ಬೇಸಿಗೆಯಲ್ಲಿ ಮೇಯುವುದೂ ಅಲ್ಲೇ. ಹಿಂಡು ಅತಿಯಾದಾಗ ಗೊರಸಿನ ಜಾಡು ಮೊದಲು ಕಾಲುವೆಯಂತಾಗುತ್ತದೆ. ಅದು ಆಳವಾದಷ್ಟೂ ಅಕ್ಕಪಕ್ಕದ ಜೌಗು ಬಸಿದು, ಪೀಟ್ ಒಣಗಿ ಬಿರುಕುಬಿಡುತ್ತದೆ. ಹಾಗೆ ಒಣಗಿದ ಪೀಟ್ ಮತ್ತೆ ಸುಲಭವಾಗಿ ನೀರು ಹೀರುವುದಿಲ್ಲ. ಮುಂದಿನ ಮಳೆ ನೇರ ಹರಿದುಹೋಗುತ್ತದೆ, ಹೂಳು ಜಲಾಶಯಕ್ಕೆ, ಕೆಳಗಿನ ಒರತೆ ಬತ್ತುತ್ತದೆ.

ಕಾಲುವೆ ಇನ್ನೂ ಮೊಣಕಾಲಿನಷ್ಟು ಆಳ ಇರುವಾಗಲೇ ಅಲ್ಲಲ್ಲಿ ಕಲ್ಲಿನ ಸಣ್ಣ ತಡೆ ಹಾಕಿ, ಆ ಜಾಗಕ್ಕೆ ಕೆಲವು ವರ್ಷ ಹಿಂಡು ಬಿಡದಿದ್ದರೆ ಹುಲ್ಲು ಮತ್ತೆ ಹಿಡಿಯುತ್ತದೆ. ತಡೆಯ ನಡುಭಾಗ ಅಂಚಿಗಿಂತ ತಗ್ಗಿರಬೇಕು, ಇಲ್ಲದಿದ್ದರೆ ನೀರು ಪಕ್ಕದಿಂದ ಕೊರೆದು ಹೊಸ ಕಾಲುವೆ ಮಾಡಿಕೊಳ್ಳುತ್ತದೆ. ಲೆಸೊಥೊದ ಪೊಲಿಹಾಲಿಯಲ್ಲಿ 165 ಮೀಟರ್ ಎತ್ತರದ ಹೊಸ ಅಣೆಕಟ್ಟು ಏಳುತ್ತಿದೆ. ಅದರ ಮೇಲಿನ ಜೌಗುಗಳ ಕೆಲಸ ಅದು ತುಂಬುವ ಮೊದಲೇ ಆಗಬೇಕು.