ಲೋ-ಕೋಡ್ ಸೀನಿಯರ್ ಇಂಜಿನಿಯರ್ ಬೇಕು: ಸಂದರ್ಶನದಲ್ಲಿ ಏನು ಮಾಡಿಸಿ ನೋಡಬೇಕು?

ಪ್ರಶ್ನೆ: ಮೈಸೂರಿನ ಹೆಬ್ಬಾಳದಲ್ಲಿ ನಮ್ಮದು ಆಸ್ಪತ್ರೆಗಳಿಗೆ ಸಾಫ್ಟ್‌ವೇರ್ ಮಾಡಿಕೊಡುವ ಕಂಪನಿ. ರೋಗಿಗಳ ನೋಂದಣಿ ಪವರ್ ಆ್ಯಪ್ಸ್‌ನಲ್ಲಿ (ಹೆಚ್ಚು ಕೋಡ್ ಬರೆಯದೆ ಆ್ಯಪ್ ಕಟ್ಟುವ ಮೈಕ್ರೋಸಾಫ್ಟ್‌ನ ಲೋ-ಕೋಡ್ ಸಾಧನ), ಡೇಟಾ ಶೇರ್‌ಪಾಯಿಂಟ್ ಲಿಸ್ಟ್‌ನಲ್ಲಿ (ಅದೇ ಕಂಪನಿಯ ಆನ್‌ಲೈನ್ ಪಟ್ಟಿ). ಬಂದವರೆಲ್ಲ ಅರ್ಧ ಗಂಟೆಯಲ್ಲಿ ಚೆಂದದ ಸ್ಕ್ರೀನ್ ಮಾಡಿ ತೋರಿಸ್ತಾರೆ. ಗಟ್ಟಿ ಯಾರು ಅಂತ ತಿಳಿಯೋದು ಹೇಗೆ?

ಉತ್ತರ: ಸ್ಕ್ರೀನ್ ಮಾಡಿಸಬೇಡಿ, ಕೆಟ್ಟಿರುವ ಸ್ಕ್ರೀನ್ ಕೊಟ್ಟು ಸರಿ ಮಾಡಿಸಿ. ಕಲ್ಪಿತ ಹೆಸರುಗಳ 4000 ಸಾಲಿನ ಲಿಸ್ಟ್ ಮಾಡಿಕೊಳ್ಳಿ (ನಿಜ ರೋಗಿಗಳ ಡೇಟಾ ಬೇಡವೇ ಬೇಡ). ಹುಡುಕುವ ಸೂತ್ರದಲ್ಲಿ ಫಿಲ್ಟರ್ ಜೊತೆ ‘ಇನ್’ (ಹೆಸರಿನೊಳಗೆ ಎಲ್ಲಿದ್ದರೂ ಹುಡುಕುವುದು) ಬಳಸಿ. 3200ನೇ ಸಾಲಿನಲ್ಲಿ ಪೆನಿಸಿಲಿನ್ ಅಲರ್ಜಿ ಇರುವ ಲಕ್ಷ್ಮಮ್ಮ ಇರಲಿ.

ಹುಡುಕಿದರೆ ಲಕ್ಷ್ಮಮ್ಮ ಸಿಗುವುದಿಲ್ಲ. ಶೇರ್‌ಪಾಯಿಂಟ್‌ಗೆ ‘ಇನ್’ ಡೆಲಿಗೇಟ್ ಆಗದು, ಅಂದರೆ ಹುಡುಕುವ ಕೆಲಸವನ್ನು ಶೇರ್‌ಪಾಯಿಂಟ್‌ಗೇ ಒಪ್ಪಿಸಲು ಬರುವುದಿಲ್ಲ. ಆ್ಯಪ್ ಮೊದಲ 500 ಸಾಲು ತಂದು ಅಷ್ಟರೊಳಗೇ ಹುಡುಕುತ್ತದೆ. ಎಡಿಟರ್‌ನಲ್ಲಿ ಎಚ್ಚರಿಕೆಯ ಹಳದಿ ತ್ರಿಕೋನ ಕಾಣುತ್ತದೆ, ಕೌಂಟರಿನಲ್ಲಿ ಕೂತವರಿಗೆ ಏನೂ ಕಾಣದು. ಅವರು ಹೊಸ ರೋಗಿ ಎಂದು ಮತ್ತೆ ನೋಂದಾಯಿಸುತ್ತಾರೆ, ಅಲರ್ಜಿ ಹಳೆಯ ದಾಖಲೆಯಲ್ಲೇ ಉಳಿಯುತ್ತದೆ. ಭಯಪಡಬೇಕಾದ್ದು ಇದಕ್ಕೇ.

ಆ 500ರ ಮಿತಿಯನ್ನು 2000ಕ್ಕೆ ಏರಿಸಿ ‘ಆಯ್ತು’ ಎಂದವರನ್ನು ಬಿಡಿ. ಅದೇ ಗರಿಷ್ಠ, ಲಕ್ಷ್ಮಮ್ಮ ಇನ್ನೂ ಆಚೆಯೇ. ಡೆಲಿಗೇಟ್ ಆಗುವ ‘ಸ್ಟಾರ್ಟ್ಸ್‌ವಿತ್’ (ಮೊದಲ ಅಕ್ಷರಗಳಿಂದ ಹುಡುಕುವುದು) ಹಾಕಿ, ಕಾಲಂಗೆ ಇಂಡೆಕ್ಸ್ ಕೊಟ್ಟು, ಲಿಸ್ಟ್ 5000 ಸಾಲು (ಶೇರ್‌ಪಾಯಿಂಟ್ ಒಮ್ಮೆಗೆ ನೋಡುವ ಮಿತಿ) ದಾಟುವ ಮೊದಲೇ ಡೇಟಾವರ್ಸ್‌ಗೆ (ಮೈಕ್ರೋಸಾಫ್ಟ್‌ನದೇ ಡೇಟಾಬೇಸ್) ಹೋಗೋಣ ಎಂದವರನ್ನು ಮುಂದಿನ ಸುತ್ತಿಗೆ ಕರೆಯಿರಿ. ಅವರಲ್ಲೂ ‘ಲಕ್ಷ್ಮಮ್ಮನನ್ನು ಇಂಗ್ಲಿಷಿನಲ್ಲಿ ಒಬ್ಬರು ಕೆ-ಎಸ್-ಎಚ್ ಹಾಕಿ, ಇನ್ನೊಬ್ಬರು ಎಕ್ಸ್ ಹಾಕಿ ಬರೆದರೆ?’ ಎಂದು ತಾವಾಗಿ ಕೇಳಿದವರು ನಿಮಗೆ ಬೇಕಾದವರು.

ಮರುಪ್ರಶ್ನೆ: ಹೆಸರಿನ ತಂಟೆಯೇ ಬೇಡ, ಮೊಬೈಲ್ ನಂಬರನ್ನೇ ಗುರುತಾಗಿ ಇಟ್ಟರೆ?

ಉತ್ತರ: ಬೇಡ. ಮಂಡ್ಯ ಕಡೆಯ ಹಳ್ಳಿಗಳಿಂದ ಬರುವ ಅಜ್ಜಿ, ಸೊಸೆ, ಮಗು ಮೂವರಿಗೂ ಮನೆಯ ಒಂದೇ ನಂಬರ್ ಬರೆಸುವುದು ಮಾಮೂಲು. ಆಸ್ಪತ್ರೆಯ ಎಂಆರ್ (ಮೆಡಿಕಲ್ ರೆಕಾರ್ಡ್) ನಂಬರೇ ಗುರುತಾಗಿರಲಿ. 14 ಅಂಕಿಯ ಆಭಾ (ಸರ್ಕಾರದ ಆರೋಗ್ಯ ಖಾತೆ) ಸಂಖ್ಯೆ ಇದ್ದರೆ ಅದೂ ಇರಲಿ, ಆದರೆ ಟೆಕ್ಸ್ಟ್ ಕಾಲಂನಲ್ಲಿ.

ಇನ್ನೊಬ್ಬ ಸದಸ್ಯರು: ಸೆಕ್ಯುರಿಟಿ ಗೊತ್ತಿದೆಯಾ ಅಂತ ಹೇಗೆ ನೋಡೋದು?

ಉತ್ತರ: ‘ಎಚ್‌ಐವಿ ವರದಿ ಕೌಂಟರಿನವರಿಗೆ ಕಾಣಬಾರದು, ಏನು ಮಾಡ್ತೀರಿ?’ ಎಂದು ಕೇಳಿ. ‘ವಿಸಿಬಲ್ ಅನ್ನು ಫಾಲ್ಸ್ ಮಾಡ್ತೀನಿ’ (ಸ್ಕ್ರೀನಿನಲ್ಲಷ್ಟೇ ಮರೆಮಾಡುವುದು) ಎಂದರೆ ಸಂದರ್ಶನ ಅಲ್ಲಿಗೇ ನಿಲ್ಲಿಸಿ. ಆ್ಯಪ್ ಬಳಸುವವರಿಗೆ ಲಿಸ್ಟ್‌ನ ಅನುಮತಿಯೂ ಇರಲೇಬೇಕು; ಬ್ರೌಸರ್‌ನಲ್ಲಿ ಲಿಸ್ಟ್ ತೆರೆದರೆ ಆ ಕಾಲಂ ಕಣ್ಣೆದುರಿಗೇ ಇರುತ್ತದೆ. ಶೇರ್‌ಪಾಯಿಂಟ್‌ನಲ್ಲಿ ಕಾಲಂಗೆ ಪ್ರತ್ಯೇಕ ಅನುಮತಿ ಕೊಡಲು ಬರುವುದಿಲ್ಲ. ಬೇರೆ ಲಿಸ್ಟ್ ಮಾಡಿ ಬೇರೆ ಅನುಮತಿ ಕೊಡಬೇಕು, ಇಲ್ಲವೇ ಡೇಟಾವರ್ಸ್‌ನ ಕಾಲಂ ಸೆಕ್ಯುರಿಟಿ. 2017ರ ಎಚ್‌ಐವಿ ಕಾಯ್ದೆ ಈ ಗೌಪ್ಯತೆಯನ್ನು ಕಡ್ಡಾಯ ಮಾಡಿದೆ. ಬಾಯಲ್ಲಿ ಹೇಳಿಸಿ ಬಿಡಬೇಡಿ. ಕೌಂಟರಿನ ಪಾತ್ರಕ್ಕೊಂದು ಟೆಸ್ಟ್ ಲಾಗಿನ್ ಮಾಡಿ, ಆ ಲಾಗಿನ್‌ನಿಂದ ಲಿಸ್ಟ್ ತೆರೆಯಲು ಅಭ್ಯರ್ಥಿಗೇ ಹೇಳಿ.