ಮೀಡಿಯಂ ಫಾರ್ಮ್ಯಾಟ್‌ಗೆ ಯಾವ ಬ್ಯಾಟರಿ ಫ್ಲಾಶ್? ಮೊದಲು ಶಟರ್ ನೋಡಿ

ಕಾರವಾರದಿಂದ ಪ್ರಶ್ನೆ:
ಸರ್, ನಮಸ್ಕಾರ. ಮದುವೆ, ಪ್ರೀ ವೆಡ್ಡಿಂಗ್ ಫೋಟೊ ಮಾಡ್ತೇನೆ. ಈಚೆಗೆ ಸೆಕೆಂಡ್ ಹ್ಯಾಂಡ್ ಫ್ಯೂಜಿ ಜಿಎಫ್‌ಎಕ್ಸ್ 50ಎಸ್ 2 ತಗೊಂಡೆ, ದೊಡ್ಡ ಸೆನ್ಸರ್ ಇರುವ ಮೀಡಿಯಂ ಫಾರ್ಮ್ಯಾಟ್ ಕ್ಯಾಮೆರಾ. ಸ್ಟ್ಯಾಂಡ್ ಮೇಲಿಟ್ಟು ವೈರ್‌ಲೆಸ್ ಟ್ರಿಗರ್‌ನಲ್ಲಿ ಹೊಡೆಯುವಂಥ ಫ್ಲಾಶ್ ಬೇಕು. ಕೆಲಸ ಎರಡು ಥರದ್ದು. ಮಾಜಾಳಿ, ಟಾಗೋರ್ ಬೀಚ್ ಕಡೆ ಜೋಡಿಗಳ ಫೋಟೊ, ಮತ್ತೆ ಚೌಕಿಯಲ್ಲಿ (ಬಣ್ಣ ಹಚ್ಚಿಕೊಳ್ಳುವ ಕೋಣೆ) ಯಕ್ಷಗಾನ ಕಲಾವಿದರ ಪೋರ್ಟ್ರೇಟ್. ಗೋಡಾಕ್ಸ್ ಕಂಪನಿಯ 200 ವಾಟ್ ಸೆಕೆಂಡಿನ ಎಡಿ200 ಪ್ರೊ ಸಾಕಾ, 600 ವಾಟ್ ಸೆಕೆಂಡಿನ ಎಡಿ600 ಪ್ರೊಗೇ ಹೋಗಬೇಕಾ?

ಉತ್ತರ:
ನಮಸ್ಕಾರ. ಫ್ಲಾಶ್ ಅಂಗಡಿಗೆ ಹೋಗುವ ಮೊದಲು ನಿಮ್ಮ ಕ್ಯಾಮೆರಾದ ಶಟರ್ ನೋಡಿ. ಜಿಎಫ್‌ಎಕ್ಸ್‌ನಲ್ಲಿರುವುದು ಫೋಕಲ್ ಪ್ಲೇನ್ ಶಟರ್, ಅಂದರೆ ಸೆನ್ಸರ್ ಮುಂದೆ ಎರಡು ಪರದೆ ಓಡುವಂಥದ್ದು. ಅದರ ಫ್ಲಾಶ್ ಸಿಂಕ್, ಅಂದರೆ ಮಾಮೂಲಿ ಫ್ಲಾಶ್ ಜೊತೆ ಬಳಸಬಹುದಾದ ಅತಿ ವೇಗದ ಶಟರ್, 1/125 ಸೆಕೆಂಡ್. ಸಾಮಾನ್ಯ ಫುಲ್ ಫ್ರೇಮ್ ಕ್ಯಾಮೆರಾಗಳಲ್ಲಿ 1/200, 1/250 ಸಿಗುತ್ತಿತ್ತು. ಅಂದರೆ ಮುಕ್ಕಾಲರಿಂದ ಒಂದು ಸ್ಟಾಪ್ ಇಲ್ಲೇ ಕಳೆದುಕೊಂಡಿರಿ (ಒಂದು ಸ್ಟಾಪ್ ಅಂದರೆ ಬೆಳಕು ದುಪ್ಪಟ್ಟು ಅಥವಾ ಅರ್ಧ). ಎಷ್ಟು ವಾಟ್ ಸೆಕೆಂಡ್ (ಫ್ಲಾಶಿನ ಶಕ್ತಿಯ ಅಳತೆ) ಬೇಕು ಅನ್ನುವುದು ಇದರ ಮೇಲೇ ನಿಂತಿದೆ.

ಲೆಕ್ಕ ಹೀಗಿದೆ. ಮಟಮಟ ಮಧ್ಯಾಹ್ನ ಬಯಲಲ್ಲಿ ಐಎಸ್‌ಒ (ಸೆನ್ಸರ್‌ನ ಸೂಕ್ಷ್ಮತೆ) 100, ಶಟರ್ 1/125 ಇಟ್ಟರೆ ಅಪರ್ಚರ್ (ಲೆನ್ಸಿನ ಕಿಂಡಿ) ಎಫ್/16ರ ಹತ್ತಿರ ಬರುತ್ತದೆ. ನಿಮಗೆ ಹಿನ್ನೆಲೆ ಮಸುಕಾಗಲು ಎಫ್/4 ಬೇಕು. ನಡುವೆ ನಾಲ್ಕು ಸ್ಟಾಪ್ ಅಂತರ. ಅದನ್ನು ತುಂಬಲು ಎರಡು ದಾರಿ. ಒಂದು, ಹೈಸ್ಪೀಡ್ ಸಿಂಕ್ ಹಾಕಿ 1/2000ಕ್ಕೆ ಏರುವುದು. ಆಗ ಶಟರ್ ಪರದೆಗಳ ನಡುವಿನ ಸಣ್ಣ ಸೀಳು ಸೆನ್ಸರ್ ದಾಟುವವರೆಗೂ ಫ್ಲಾಶ್ ಮಿಣಮಿಣ ಉರಿಯುತ್ತಲೇ ಇರಬೇಕು. ಬೆಳಕಿನ ಬಹುಪಾಲು ಪರದೆಗೇ ಬಡಿದು ಹೋಗುತ್ತದೆ. ಎರಡು, ಲೆನ್ಸಿಗೆ ನಾಲ್ಕು ಸ್ಟಾಪ್ ಎನ್‌ಡಿ ಫಿಲ್ಟರ್ ಹಾಕಿ 1/125ರಲ್ಲೇ ಉಳಿಯುವುದು. ಫಿಲ್ಟರ್ ಬಿಸಿಲಿನ ಜೊತೆ ಫ್ಲಾಶ್ ಬೆಳಕನ್ನೂ ಕಡಿಮೆ ಮಾಡುತ್ತದೆ, ಹಾಗಾಗಿ ಫ್ಲಾಶಿಗೆ ಎಫ್/16ಕ್ಕೆ ಬೇಕಾದಷ್ಟೇ ದಮ್ಮು ಬೇಕು. ಹಾಗಿದ್ದರೂ ನಾನು ಎನ್‌ಡಿಯನ್ನೇ ಆರಿಸುತ್ತೇನೆ. ಫ್ಲಾಶ್ ಬಿಸಿಯಾಗುವುದು ಕಡಿಮೆ, ಬ್ಯಾಟರಿಯೂ ಬಾಳುತ್ತದೆ. ಎಲೆಕ್ಟ್ರಾನಿಕ್ ಶಟರ್ ಈ ಕೆಲಸಕ್ಕೆ ಬರುವುದಿಲ್ಲ.

ಆದರೆ ನೀವಿರುವುದು ಪಶ್ಚಿಮಕ್ಕೆ ಮುಖ ಮಾಡಿದ ಕಡಲ ದಂಡೆಯಲ್ಲಿ. ಜೋಡಿಗಳಿಗೆ ಬೇಕಾದ ಬೆಳಕು ಸಂಜೆ ಐದರ ನಂತರದ್ದು, ಸೂರ್ಯ ಅವರ ಬೆನ್ನ ಹಿಂದೆ, ಸಮುದ್ರದ ಮೇಲೆ. ಆ ಹೊತ್ತಿಗೆ ಬೆಳಕು ಸ್ಟಾಪ್ ಸ್ಟಾಪ್ ಇಳಿಯುತ್ತ ಬಂದು 200 ವಾಟ್ ಸೆಕೆಂಡ್ ಸಾಕಾಗುತ್ತದೆ. 600ಕ್ಕೂ 200ಕ್ಕೂ ಇರುವ ಅಂತರ ಒಂದೂವರೆ ಸ್ಟಾಪ್‌ಗಿಂತ ಸ್ವಲ್ಪ ಹೆಚ್ಚು, ಅಷ್ಟೇ. ಫ್ಲಾಶನ್ನು ಮೂರು ಮೀಟರ್‌ನಿಂದ ಒಂದೂವರೆ ಮೀಟರ್‌ಗೆ ತಂದರೆ ಎರಡು ಸ್ಟಾಪ್ ಪುಕ್ಕಟೆ ಸಿಗುತ್ತದೆ. ಫ್ರೇಮಿನ ಅಂಚಿಗೆ ತಾಗುವಷ್ಟು ಹತ್ತಿರ ಇಡಿ.

ನನ್ನ ಸಲಹೆ: ಒಂದು ಎಡಿ600ರ ಬದಲು ಎರಡು ಎಡಿ200 ಪ್ರೊ ತಗೊಳ್ಳಿ. ಎಡಿ-ಬಿ2 ಅನ್ನುವ ಬ್ರಾಕೆಟ್‌ನಲ್ಲಿ ಎರಡನ್ನೂ ಸೇರಿಸಿ ಒಂದೇ ಸಾಫ್ಟ್‌ಬಾಕ್ಸಿಗೆ ಹಾಕಿದರೆ 400 ಆಗುತ್ತದೆ, 600ಕ್ಕಿಂತ ಅರ್ಧ ಸ್ಟಾಪ್ ಚಿಲ್ಲರೆ ಕಡಿಮೆ. ಚೌಕಿಯಲ್ಲಿ ಬೇರೆ ಬೇರೆ ಮಾಡಿ ಎರಡು ದಿಕ್ಕಿಗೆ ಇಡಬಹುದು. ಒಂದು ಕೈಕೊಟ್ಟರೆ ಇನ್ನೊಂದರಲ್ಲಿ ಕೆಲಸ ಮುಗಿಸಿ ಬರಬಹುದು. ದಿನವೂ ನಡುಮಧ್ಯಾಹ್ನ ಬೀಚಿನಲ್ಲೇ ಶೂಟ್ ಅನ್ನುವವರಿಗೆ ಮಾತ್ರ ಎಡಿ600 ಹೇಳುತ್ತೇನೆ.

ಕಾರವಾರದವರ ಮರುಪ್ರಶ್ನೆ:
ತುಂಬಾ ಉಪಕಾರ ಸರ್. ಚೌಕಿಯಲ್ಲಿ ಕಿರೀಟ, ಭುಜಕೀರ್ತಿ ಎಲ್ಲ ಹೊಳೆದು ಬಿಳಿ ಚುಕ್ಕೆ ಬೀಳ್ತದೆ. ಟಿಟಿಎಲ್ (ಕ್ಯಾಮೆರಾವೇ ಫ್ಲಾಶ್ ಬೆಳಕು ಅಳೆದು ಹೊಂದಿಸುವುದು) ಹಾಕಿದರೆ ಒಂದು ಫೋಟೊ ಕಪ್ಪು, ಇನ್ನೊಂದು ಬಿಳಿ.

ಉತ್ತರ:
ಟಿಟಿಎಲ್ ಬಿಡಿ, ಮ್ಯಾನ್ಯುಯಲ್ ಹಾಕಿ. ಕನ್ನಡಿ ಚೂರು, ಬೇಗಡೆ ಹೊಳೆದ ಕೂಡಲೇ ಕ್ಯಾಮೆರಾ ಬೆಳಕು ಹೆಚ್ಚಾಯಿತು ಅಂದುಕೊಂಡು ಫ್ಲಾಶ್ ತಗ್ಗಿಸುತ್ತದೆ. ಮುಖ ಕಪ್ಪಾಗುವುದು ಅದಕ್ಕೇ. ಕಲಾವಿದರು ಕೂತ ಜಾಗ ಬದಲಾಗದಿದ್ದರೆ ಪವರ್ ಕೂಡ ಬದಲಾಗಬೇಕಿಲ್ಲ.

ಹೊಳಪು ಪೂರ್ತಿ ತೆಗೆಯಲು ಹೋಗಬೇಡಿ, ವೇಷದ ಜೀವವೇ ಅದು. ಬೆಳಕಿನ ಮೂಲ ದೊಡ್ಡದಾದರೆ ಚುಕ್ಕೆಯ ಬದಲು ಹರಡಿದ ಹೊಳಪು ಬರುತ್ತದೆ. 90 ಸೆಂಟಿಮೀಟರ್ ಸಾಫ್ಟ್‌ಬಾಕ್ಸನ್ನು ಪಕ್ಕಕ್ಕೆ, ಕಣ್ಣಿನ ಮಟ್ಟಕ್ಕಿಂತ ಸ್ವಲ್ಪ ಮೇಲೆ ಇಡಿ. ಮಾಡು (ಛಾವಣಿ) ತಗ್ಗಿದ್ದರೆ ಎರಡನೇ ಫ್ಲಾಶನ್ನು ಬಿಳಿ ಬಟ್ಟೆಗೋ ಗೋಡೆಗೋ ಹೊಡೆದು ತುಂಬಿಸಿ. ಬೇಗಡೆಯಿಂದ ಮೂಗಿನ ತುದಿವರೆಗೂ ಫೋಕಸ್ ಬೇಕಾದರೆ ಈ ದೊಡ್ಡ ಸೆನ್ಸರ್‌ಗೆ ಎಫ್/8, ಎಫ್/11 ಬೇಕಾಗುತ್ತದೆ. ಅಷ್ಟು ಹತ್ತಿರದಲ್ಲಿ 200 ಧಾರಾಳ. ಬಲ್ಬು ಹಳದಿಯಿದ್ದರೆ ಫ್ಲಾಶಿಗೆ ಕಿತ್ತಳೆ ಜೆಲ್ (ಪಾರದರ್ಶಕ ಬಣ್ಣದ ಹಾಳೆ) ಹಾಕಿ, ಇಲ್ಲದಿದ್ದರೆ ಮುಖ ಒಂದು ಬಣ್ಣ, ಹಿಂದಿನ ಗೋಡೆ ಇನ್ನೊಂದು ಬಣ್ಣ.

ಒಂದು ಮಾತು, ಕೇಳದಿದ್ದರೂ ಹೇಳುತ್ತೇನೆ. ಬಣ್ಣ ಹಚ್ಚಿಕೊಳ್ಳುವಾಗ ಕಲಾವಿದರನ್ನು ಕೇಳಿಯೇ ಫ್ಲಾಶ್ ಹೊಡೆಯಿರಿ. ರಂಗಸ್ಥಳದ ಮೇಲೆ ಆಟ ನಡೆಯುವಾಗ ಬೇಡವೇ ಬೇಡ.

ಕುಮಟಾದಿಂದ ಪ್ರಶ್ನೆ:
ಅಣ್ಣ, ನನ್ನ ಹತ್ತಿರ ಹಳೇ ಹ್ಯಾಸೆಲ್‌ಬ್ಲಾಡ್ 500 ಸಿಎಂ ಫಿಲ್ಮ್ ಕ್ಯಾಮೆರಾ ಇದೆ, 80 ಎಂಎಂ ಸಿ ಲೆನ್ಸ್. ಇದಕ್ಕೂ ಈ ವೈರ್‌ಲೆಸ್ ಫ್ಲಾಶ್ ಆಗ್ತದಾ?

ಉತ್ತರ:
ಆಗ್ತದೆ ತಮ್ಮಾ, ಅದೂ ಚೆನ್ನಾಗಿ. ನಿನ್ನದು ಲೆನ್ಸ್ ಒಳಗಿನ ಲೀಫ್ ಶಟರ್, 1/500ವರೆಗೂ ಎಲ್ಲ ಸ್ಪೀಡಿಗೂ ಸಿಂಕ್ ಸಿಗುತ್ತದೆ. 1/125ಕ್ಕಿಂತ ಎರಡು ಸ್ಟಾಪ್ ಮೇಲೆ. ಮೇಲಿನವರಿಗೆ 400 ಬೇಕಾದ ಕಡೆ ನಿನಗೆ 100 ಸಾಕು. ಹೊಸ ಹ್ಯಾಸೆಲ್‌ಬ್ಲಾಡ್ ಎಕ್ಸ್ ಸರಣಿಯಲ್ಲಿ ಇದೇ ಬಗೆಯ ಶಟರ್ 1/2000ವರೆಗಾದರೂ ಹೋಗುತ್ತದೆ. ಆದರೆ ದೊಡ್ಡ ಫ್ಲಾಶ್ ಫುಲ್ ಪವರ್‌ನಲ್ಲಿ ಸುಮಾರು 1/220 ಸೆಕೆಂಡ್ ಉರಿಯುತ್ತದೆ. ಶಟರ್ ಅದಕ್ಕಿಂತ ಬೇಗ ಮುಚ್ಚಿದರೆ ಬೆಳಕಿನ ಬಾಲ ಕತ್ತರಿಸಿ ಹೋಗುತ್ತದೆ. ಹಾಗಾಗಿ ವೇಗದ ಶಟರ್ ಇದ್ದಾಗ ಅರ್ಧ, ಕಾಲು ಪವರ್‌ನಲ್ಲಿ ಕೆಲಸ ಮಾಡುವುದು ಲೇಸು.

ಸಿ ಲೆನ್ಸಿನ ಪಕ್ಕದಲ್ಲಿ ವಿ, ಎಕ್ಸ್, ಎಂ ಅಂತ ಒಂದು ಲಿವರ್ ಇದೆ. ಅದು ಎಕ್ಸ್‌ನಲ್ಲೇ ಇರಲಿ. ಎಂ ಹಳೇ ಕಾಲದ ಬಲ್ಬ್ ಫ್ಲಾಶಿಗೆ ಇದ್ದದ್ದು. ಅದರಲ್ಲಿ ಶಟರ್ ತೆರೆಯುವ ಮೊದಲೇ ಫ್ಲಾಶ್ ಉರಿದು ಹೋಗಿ ರೋಲ್ ಪೂರ್ತಿ ಹಾಳು. ಲೆನ್ಸಿನ ಪಿಸಿ ಸಾಕೆಟ್‌ನಿಂದ (ಫ್ಲಾಶ್ ಕೇಬಲ್ ಸಿಕ್ಕಿಸುವ ಜಾಗ) ಟ್ರಿಗರ್‌ನ 2.5 ಎಂಎಂ ಜ್ಯಾಕ್‌ಗೆ ಒಂದು ಕೇಬಲ್ ಹಾಕಿ, ಟ್ರಿಗರ್ ಮೆನುವಿನಲ್ಲಿ ಸಿಂಕ್ ಇನ್ ಮಾಡು. ಫಿಲ್ಮಿನಲ್ಲಿ ತೆಗೆದದ್ದು ಆಗಲೇ ಕಾಣುವುದಿಲ್ಲ, ಫ್ಲಾಶ್ ಮೀಟರ್ ಬೇಕೇ ಬೇಕು.

ಶಿರಸಿಯಿಂದ ಪ್ರಶ್ನೆ:
ಸರ್, ಬೀಚಿನ ಗಾಳಿಗೆ ಸಾಫ್ಟ್‌ಬಾಕ್ಸ್ ನಿಲ್ತದಾ? ಘಟ್ಟದ ಮೇಲೆ ನಮ್ಮ ಅಡಿಕೆ ತೋಟದಲ್ಲಿ ಆ ತೊಂದ್ರೆ ಇಲ್ಲ.

ಉತ್ತರ:
ಮಧ್ಯಾಹ್ನ ಮೇಲೆ ಕಡಲಗಾಳಿ ಎದ್ದರೆ ಸಾಫ್ಟ್‌ಬಾಕ್ಸ್ ದೋಣಿಯ ಹಾಯಿಯೇ ಸರಿ. ಸ್ಟ್ಯಾಂಡ್ ನಂಬಬೇಡಿ. ಎಡಿ200ನ್ನು ಕೋಲಿನ ತುದಿಗೆ ಕಟ್ಟಿ ಒಬ್ಬ ಹುಡುಗನ ಕೈಗೆ ಕೊಡಿ, ತೂಕ ಒಂದು ಕೆಜಿ ಆಸುಪಾಸು, ಹಿಡಿಯಬಹುದು. ಎಡಿ600 ಮೂರು ಕೆಜಿ, ಅದಕ್ಕೆ ಕೇಬಲ್‌ನಲ್ಲಿ ಸೇರುವ ಬೇರೆ ಹೆಡ್ (ಬೆಳಕು ಬರುವ ಭಾಗ) ಸಿಗುತ್ತದೆ. ಹೆಡ್ ಮೇಲೆ, ಬಾಡಿ ಸ್ಟ್ಯಾಂಡಿನ ಬುಡಕ್ಕೆ ನೇತುಹಾಕಿದರೆ ಅದೇ ಭಾರ ಕೊಡುತ್ತದೆ. ಖಾಲಿ ಚೀಲ ಒಯ್ದು ಅಲ್ಲೇ ಮರಳು ತುಂಬಿ ಕಾಲುಗಳ ಮೇಲೆ ಹಾಕಿ.

ಮನೆಗೆ ಬಂದ ಮೇಲೆ ಒದ್ದೆ ಮಾಡಿ ಹಿಂಡಿದ ಬಟ್ಟೆಯಿಂದ ಉಪ್ಪು ಒರೆಸಿ, ಒಣಗಿಸಿ, ಸಿಲಿಕಾ ಜೆಲ್ ಇರುವ ಡಬ್ಬಿಯಲ್ಲಿಡಿ. ಮಳೆಗಾಲದಲ್ಲಿ ಕೆಲಸ ಇಲ್ಲದಿದ್ದರೆ ಬ್ಯಾಟರಿ ಅರ್ಧ ಚಾರ್ಜ್‌ನಲ್ಲಿಟ್ಟು, ತಿಂಗಳಿಗೊಮ್ಮೆ ತೆಗೆದು ನಾಲ್ಕು ಸಲ ಫ್ಲಾಶ್ ಹೊಡೆದು ನೋಡಿ.