ರಿವಾಲ್ವರಿನ ಮಸಿ ಬಿಡಿಸುವ ದ್ರವಕ್ಕೆ ‘ದ್ರಾವಕ’ ಎನ್ನಬಹುದೇ?

ಮಾನ್ಯರೇ,

ಪರವಾನಗಿ ಪಡೆದು ಕೈಬಂದೂಕು ಇಟ್ಟುಕೊಂಡಿರುವವರಿಗಾಗಿ, ಅದನ್ನು ಶುಚಿ ಮಾಡುವ ಕ್ರಮವನ್ನು ತಿಳಿಸುವ ಕಿರುಕೈಪಿಡಿಯೊಂದನ್ನು ಬರೆಯುತ್ತಿದ್ದೇನೆ. ಕಾನ್ಪುರದಲ್ಲಿ ತಯಾರಾಗುವ .32 ರಿವಾಲ್ವರನ್ನು ಮಾದರಿಯಾಗಿ ಇಟ್ಟುಕೊಂಡಿದ್ದೇನೆ. ‘ಸಾಲ್ವೆಂಟ್’ ಎಂಬುದಕ್ಕೆ ನಮ್ಮ ವಿಜ್ಞಾನದ ಪಠ್ಯಗಳು ‘ದ್ರಾವಕ’ ಎನ್ನುತ್ತವೆ. ಕರಗುವುದು ದ್ರಾವ್ಯ, ಕರಗಿಸುವುದು ದ್ರಾವಕ, ಎರಡೂ ಬೆರೆತು ಆದದ್ದು ದ್ರಾವಣ. ನಾನೂ ಹಾಗೆಯೇ ಬರೆದಿದ್ದೆ. ಕರಡನ್ನು ಓದಿದ ನನ್ನ ಸೋದರಮಾವ, ಚಾಮರಾಜನಗರದ ಗಡಿಯ ಕಡೆಯವರು, “ಪಿಸ್ತೂಲಿಗೆ ಆಸಿಡ್ ಹಾಕಿ ಅಂತ ಬರೆದಿದ್ದೀಯಲ್ಲಪ್ಪ” ಎಂದು ಗಾಬರಿಯಿಂದ ಕೇಳಿದರು. ತಮಿಳಿನಲ್ಲಿ ‘ತಿರಾವಗಂ’ ಎಂದರೆ ಆಮ್ಲವೇ ಆದ್ದರಿಂದ, ಆ ಭಾಷೆಯನ್ನೂ ದಿನವೂ ಕೇಳುವ ಅವರ ಕಿವಿಗೆ ದ್ರಾವಕವೂ ಆಮ್ಲವಾಗಿಯೇ ಕೇಳಿಸಿತು.

ಇದು ಸಣ್ಣ ಮಾತಲ್ಲ. ಉಕ್ಕಿನ ರಿವಾಲ್ವರಿನ ಮೈಮೇಲೆ ಕಾಣುವ ಕಪ್ಪುನೀಲಿ ಬಣ್ಣ ಮೇಲೆ ಬಳಿದದ್ದಲ್ಲ. ಅದು ಕಬ್ಬಿಣದ ಆಕ್ಸೈಡಿನ ಬಹಳ ತೆಳುವಾದ ಪದರ. ವಿನೆಗರಿನಂಥ ಮೃದುವಾದ ಆಮ್ಲದಲ್ಲಿ ಸ್ವಲ್ಪ ಹೊತ್ತು ನೆನೆದರೂ ಅದು ಎದ್ದುಹೋಗುತ್ತದೆ, ಹೋದ ಜಾಗಕ್ಕೆ ಮಳೆಗಾಲದಲ್ಲಿ ಬೇಗನೆ ತುಕ್ಕು ಹಿಡಿಯುತ್ತದೆ. ‘ಬೆಳಗು’ ಎಂಬ ಸೊಗಸಾದ ಕ್ರಿಯಾಪದವನ್ನು ಬಳಸಲು ನಾನು ಹೆದರುವುದೂ ಇದೇ ಕಾರಣಕ್ಕೆ. ತಾಮ್ರದ ಬಿಂದಿಗೆಯನ್ನು ಬೆಳಗಿ ಅಭ್ಯಾಸವಾದ ಕೈಗೆ ‘ರಿವಾಲ್ವರನ್ನು ಬೆಳಗಿರಿ’ ಎಂದರೆ ಮೊದಲು ನೆನಪಾಗುವುದು ಹುಣಸೆಹುಳಿ.

ಹಾಗಾದರೆ ಬೇರೆ ಯಾವ ಪದ? ಹುಡುಕುತ್ತಾ ಹೋದಂತೆ, ಮೊದಲು ಕೊಳೆಯ ಹೆಸರು ಖಚಿತವಾಗಬೇಕು, ಅದನ್ನು ತೆಗೆಯುವುದರ ಹೆಸರು ಆಮೇಲೆ ತಾನಾಗಿ ಬರುತ್ತದೆ ಎಂದು ನನಗೆ ತೋರತೊಡಗಿತು. ಇಂಗ್ಲಿಷಿನ ಕೈಪಿಡಿಗಳು ನಳಿಗೆಯೊಳಗಿನ ಕೊಳೆಯನ್ನೆಲ್ಲ ‘ಫೌಲಿಂಗ್’ ಎಂಬ ಒಂದೇ ಮಾತಿನಲ್ಲಿ ಹಿಡಿದುಬಿಡುತ್ತವೆ. ನಮ್ಮಲ್ಲಿ ಮಸಿ, ಜಿಡ್ಡು, ಕಿಟ್ಟ, ಕಿಲುಬು, ತುಕ್ಕು ಎಂದು ಬೇರೆ ಬೇರೆ ಪದಗಳಿವೆ, ಒಂದೊಂದಕ್ಕೂ ಉಪಾಯ ಬೇರೆಯಾಗಿರುವುದರಿಂದ ಈ ಸಂಪತ್ತನ್ನು ಬಿಡಬಾರದು.

ಮದ್ದು ಉರಿದು ಉಳಿಯುವುದು ಮಸಿ. ರಿವಾಲ್ವರಿನಲ್ಲಿ ಇದು ಹೆಚ್ಚಾಗಿ ಕೂರುವುದು ತೋಟೆಗಳನ್ನು ತುಂಬುವ, ತಿರುಗುವ ಸಿಲಿಂಡರಿನ ಮುಂಭಾಗದಲ್ಲಿ ಮತ್ತು ಖಾಲಿ ತೋಟೆಗಳನ್ನು ಹೊರತಳ್ಳುವ ನಕ್ಷತ್ರಾಕಾರದ ತಟ್ಟೆಯ ಕೆಳಗೆ. ಅಲ್ಲಿ ಸೇರಿದ ನಾಲ್ಕು ಕಾಳು ಸಾಕು, ಸಿಲಿಂಡರು ತಿರುಗಲು ತ್ರಾಸಪಡುತ್ತದೆ. 1903ರಿಂದ ಮಾರಾಟದಲ್ಲಿರುವ ಹಾಪ್ಸ್ ನಂಬರ್ 9ರಂಥ ದ್ರವವನ್ನೋ, ಅದು ಸಿಗದ ಕಡೆ ಸೀಮೆಎಣ್ಣೆಯನ್ನೋ ಸವರಿ, ಹತ್ತು ಹದಿನೈದು ನಿಮಿಷ ನೆನೆಯಲು ಬಿಟ್ಟು, ಬ್ರಷ್ಷಿನಿಂದ ಉಜ್ಜಿದರೆ ಅದು ಹೋಗುತ್ತದೆ. ಆದರೆ ಗಮನಿಸಬೇಕು: ಇಂಗಾಲ ಈ ಎಣ್ಣೆಗಳಲ್ಲಿ ಕರಗುವುದಿಲ್ಲ. ಅದನ್ನು ಹಿಡಿದಿಟ್ಟ ಜಿಡ್ಡು ಕರಗಿ, ಮಸಿ ಮೆತ್ತಗಾಗಿ, ಲೋಹದ ಹಿಡಿತ ಬಿಡುತ್ತದೆ. ಆದ್ದರಿಂದ ‘ಮಸಿ ಕರಗಿಸು’ ಎನ್ನುವುದಕ್ಕಿಂತ ‘ಮಸಿ ಬಿಡಿಸು’ ಎನ್ನುವುದೇ ರಸಾಯನಶಾಸ್ತ್ರಕ್ಕೂ ಹತ್ತಿರ, ಅಡುಗೆಮನೆಯ ಮಾತಿಗೂ ಹತ್ತಿರ.

ಸೀಸದ ಗುಂಡು ಹಾರಿಸಿದಾಗ ನಳಿಗೆಯ ಹಿಂಬದಿಯ ಬಾಯಲ್ಲಿ ಅಂಟುವ ಸೀಸಕ್ಕೆ ಸಾಮಾನ್ಯ ದ್ರವ ಯಾವುದೂ ಕೆಲಸಕ್ಕೆ ಬಾರದು. ಹಳೆಯ ಬ್ರಷ್ಷಿಗೆ ಅಪ್ಪಟ ತಾಮ್ರದ ನಾರನ್ನು ಸುತ್ತಿ ಉಜ್ಜಿ ತೆಗೆಯಬೇಕು, ಕೈ ತೊಳೆಯದೆ ಊಟಕ್ಕೆ ಕೂರಬಾರದು. ಇನ್ನು ತಾಮ್ರದ ಹೊದಿಕೆಯಿರುವ ಗುಂಡು ಬಿಟ್ಟುಹೋಗುವ ತಾಮ್ರ. ಇದನ್ನು ಅಮೋನಿಯ ಬೆರೆತ ದ್ರವ ನಿಜವಾಗಿಯೂ ಕರಗಿಸುತ್ತದೆ, ಒರೆಸಿದ ಬಟ್ಟೆ ನೀಲಿಯಾಗಿ ಹೊರಬರುತ್ತದೆ. ಗಜದ, ಅಂದರೆ ನಳಿಗೆಯೊಳಗೆ ತೂರಿಸುವ ಕೋಲಿನ, ಬಟ್ಟೆ ಹಿಡಿದ ತುದಿ ಹಿತ್ತಾಳೆಯದಾಗಿದ್ದರೆ ನಳಿಗೆ ಸ್ವಚ್ಛವಾದ ಮೇಲೂ ನೀಲಿ ಬರುತ್ತಲೇ ಇರುತ್ತದೆ ಎಂಬುದನ್ನು ಹೇಳದಿದ್ದರೆ ಓದುಗರು ಇಡೀ ಸಂಜೆ ಒರೆಸುತ್ತಾ ಕೂರುತ್ತಾರೆ. ನಿಕ್ಕಲ್ ಲೇಪದ ರಿವಾಲ್ವರಿಗೆ ಅಮೋನಿಯ ಸಲ್ಲದು. ಲೇಪದ ಅಡಿಯಲ್ಲಿ ತಾಮ್ರದ ಪದರವಿದ್ದರೆ, ದ್ರವ ಸಣ್ಣ ಬಿರುಕಿನಲ್ಲಿ ಇಳಿದು ಲೇಪವನ್ನೇ ಎಬ್ಬಿಸುತ್ತದೆ.

ಪಠ್ಯಪುಸ್ತಕದ ಅರ್ಥದಲ್ಲಿ ನೋಡಿದರೆ ದ್ರಾವಕ ಎಂಬ ಹೆಸರಿಗೆ ಎಲ್ಲಕ್ಕಿಂತ ಅರ್ಹವಾದದ್ದು ನೀರು. ಕರಿಮದ್ದು ಉರಿದು ಬಿಡುವ ಲವಣಗಳು, ಹಳೆಯ ಕಾಲದ ತೋಟೆಯಲ್ಲಿ ಮದ್ದಿಗೆ ಕಿಡಿ ಕೊಡುವ ಕೇಪಿನಲ್ಲಿರುತ್ತಿದ್ದ ಪೊಟ್ಯಾಸಿಯಂ ಕ್ಲೋರೇಟು ಸಿಡಿದು ಉಳಿಯುವ ಪೊಟ್ಯಾಸಿಯಂ ಕ್ಲೋರೈಡು, ಇವು ಎಣ್ಣೆಗೆ ಜಗ್ಗುವುದಿಲ್ಲ, ನೀರಿನಲ್ಲಿ ಮಾತ್ರ ಕರಗುತ್ತವೆ. ತೀರ್ಥಹಳ್ಳಿಯ ಕಡೆ ನಮ್ಮ ಅಜ್ಜಯ್ಯ ಕೇಪಿನ ಕೋವಿಯ ನಳಿಗೆಗೆ ಕುದಿಯುವ ನೀರು ಹೊಯ್ದು, ಆ ಕಾವಿಗೇ ಉಕ್ಕು ಒಣಗಿದ ಮೇಲೆ, ಗಜಕ್ಕೆ ಬಟ್ಟೆ ಸುತ್ತಿ ಎಣ್ಣೆ ಸವರುತ್ತಿದ್ದರು. “ಕೋವಿ ತೊಳೆದೆ” ಎಂದಷ್ಟೇ ಅವರ ಮಾತು. ಶಾಸ್ತ್ರ ಓದದೆಯೂ ಕ್ರಮವೂ ಪದವೂ ಎರಡೂ ಸರಿಯಾಗಿದ್ದವು ಎಂದು ಈಗ ಅನ್ನಿಸುತ್ತದೆ.

ಕೆಲವು ಪದಗಳನ್ನು ನಾನು ತೀರ್ಮಾನಿಸಿಕೊಂಡಿದ್ದೇನೆ. ಒರೆಸುವ ಬಟ್ಟೆಯ ತುಂಡಿಗೆ ‘ಚಿಂದಿ’. ಎನ್‌ಸಿಸಿಯಲ್ಲಿ ನಾವು ಕಲಿತದ್ದೂ ಅದೇ, ಮನೆಮಾತೂ ಅದೇ. ‘ಅನ್‌ಲೋಡ್’ ಎಂಬುದಕ್ಕೆ ‘ಖಾಲಿ ಮಾಡಿ’ ಎಂದು ಬರೆದಿದ್ದೆ, ಹೊಡೆದು ಮುಗಿಸಿ ಎಂಬ ಅರ್ಥವೂ ಅದರಿಂದ ಬರುತ್ತದೆ ಎಂದು ಹೊಳೆದ ಕೂಡಲೇ ತೆಗೆದುಹಾಕಿ, ‘ಗುಂಡುಗಳನ್ನು ಹೊರತೆಗೆದು, ಆರೂ ಮನೆಗಳು ಬರಿದಾಗಿವೆಯೇ ಎಂದು ಕಣ್ಣಾರೆ ನೋಡಿ’ ಎಂದು ಬಿಡಿಸಿ ಬರೆದೆ. ಇಂಥ ಕಡೆ ಒಂದೇ ಪದದಲ್ಲಿ ಮುಗಿಸುವ ಆಸೆಗೆ ಬಿದ್ದು, ಒಂದು ವಾಕ್ಯ ಬರೆಯಲು ಜಿಪುಣತನ ಮಾಡಬಾರದು.

ಸದ್ಯಕ್ಕೆ ಸೀಮೆಎಣ್ಣೆಯ ಜಾತಿಯದಕ್ಕೆ ‘ಮಸಿ ಬಿಡಿಸುವ ಎಣ್ಣೆ’ ಎಂದೂ, ಅಮೋನಿಯದ್ದಕ್ಕೆ ‘ತಾಮ್ರ ಕರಗಿಸುವ ದ್ರವ’ ಎಂದೂ ಇಟ್ಟು, ‘ದ್ರಾವಕ’ವನ್ನು ಪೂರ್ತಿ ಕೈಬಿಟ್ಟಿದ್ದೇನೆ. ಬಲ್ಲವರಲ್ಲಿ ನನ್ನ ಪ್ರಶ್ನೆಗಳು ಇವು. ಗಡಿಯಿಂದ ದೂರದ ಜಿಲ್ಲೆಗಳಲ್ಲಿ, ಉದಾಹರಣೆಗೆ ಧಾರವಾಡ, ಬೀದರಿನ ಕಡೆ, ದ್ರಾವಕ ಎಂದಾಗ ಆಮ್ಲದ ನೆನಪು ಬರುತ್ತದೆಯೇ? ಮೈಸೂರು, ಮಡಿಕೇರಿ, ಶಿವಮೊಗ್ಗದ ಕೋವಿ ರಿಪೇರಿಯವರ ಬಾಯಲ್ಲಿ ಈ ದ್ರವಕ್ಕೆ ರೂಢಿಯ ಹೆಸರೇನಾದರೂ ಇದೆಯೇ? ಆಯುಧಗಳನ್ನು ಪೂಜಿಸುವ ಕೈಲ್‌ಪೊಳ್ದು ಹಬ್ಬಕ್ಕೆ ಮುಂಚೆ ಮನೆಯ ಕೋವಿಗಳನ್ನು ಅಣಿಗೊಳಿಸಿ, ತೋಕ್ ಪೂ ಎಂಬ ಹೂವಿನಿಂದ ಸಿಂಗರಿಸಿ ಪೂಜೆಗಿಡುವ ಕೊಡಗಿನವರು, ಆ ಶುಚಿ ಮಾಡುವ ಕೆಲಸಕ್ಕೆ ತಮ್ಮ ಮನೆಯಲ್ಲಿ ತೊಳೆ, ಒರೆಸು, ಉಜ್ಜು, ಇವುಗಳಲ್ಲಿ ಯಾವುದನ್ನು ಹೇಳುತ್ತಾರೆ, ಅಥವಾ ಕೊಡವ ಭಾಷೆಯಲ್ಲಿ ಅದಕ್ಕೆಂದೇ ಬೇರೆ ಮಾತಿದೆಯೇ ಎಂಬುದನ್ನು ತಿಳಿಸಿದರೆ ಬಹಳ ಉಪಕಾರವಾಗುತ್ತದೆ.